ಸೋದರಮಾವನ ತೊಡೆ

ಓಡೈಪಟ್ಟಿಯಲ್ಲಿ ನನ್ನ ತವರಿಗೂ ಗಂಡನ ಮನೆಗೂ ನಡುವೆ ಇದ್ದದ್ದು ಒಂದು ಬೀದಿ. ದ್ರಾಕ್ಷಿ ಚಪ್ಪರ ಎರಡು, ಬಾವಿ ಮಾತ್ರ ಒಂದೇ. ನನ್ನ ಅತ್ತೆ ಅಪ್ಪನ ಸ್ವಂತ ಅಕ್ಕ. ಅವರ ಮಗನನ್ನೇ ನಾನು ಕಟ್ಟಿಕೊಂಡದ್ದು. ಹೀಗಾಗಿ ಅಪ್ಪನೂ ಮಾವನೂ ಬೀಗರಾಗುವ ಎಷ್ಟೋ ವರ್ಷ ಮೊದಲೇ ಭಾವ-ಮೈದುನರು. ಜಗಳವಾಡಲು ಇನ್ನೆಂಥ ಯೋಗ್ಯತೆ ಬೇಕು?

ಬಾವಿಯ ನೀರು ಒಂದು ದಿನ ಅಪ್ಪನಿಗೆ, ಮರುದಿನ ಮಾವನಿಗೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಮಾವನ ಸರದಿಯ ದಿನ ಪೂರ್ತಿ ಕರೆಂಟೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅದು ಬಂದದ್ದೇ ತಡ, ಮಾವ ತಮ್ಮ ಮೋಟಾರು ಹಾಕಿಬಿಟ್ಟರು.

“ಇವತ್ತು ನನ್ ದಿನ, ಮಚ್ಚಾನ್,” ಅಂದರು ಅಪ್ಪ ತಮ್ಮ ಭಾವನಿಗೆ.

“ಕರೆಂಟ್ ಇಲ್ದಿದ್ದು ಒಂದು ದಿನವಾ, ಮಾಪ್ಳೆ?” ಎಂದು ಮಾವ ಮೈದುನನನ್ನು ಕೇಳಿದರು.

“ಸೂರಿಯ ಎದ್ದು ಬಿದ್ರೆ ಅದು ದಿನ ತಾನೆ!”

ಅಲ್ಲಿಗೆ ಮಾತು ನಿಂತಿತು. ಸಂಜೆ ಊಟಕ್ಕೆ ಕೂತ ಮಾವ ತೀರ್ಪು ಕೊಟ್ಟರು: “ಇನ್ ಮ್ಯಾಲೆ ಆ ಮನೆಯೋರು ಯಾರೂ ಇಲ್ಲಿಗೆ ಕಾಲಿಡಕೂಡ್ದು.”

ಅತ್ತೆ ಸೌಟು ಕೆಳಗಿಟ್ಟರು. “ನಾನೂ ಆ ಮನೆಯೋಳು ತಾನೆ? ಇವಳೂನೂ. ಸಾರು ಬಡಿಸ್ಬುಟ್ಟು ಓಗ್ಲಾ, ಈಗ್ಲೇ ಓಗ್ಲಾ?”

ಮಾವ ಸಾರಿಗೆಂದು ತಟ್ಟೆ ಮುಂದಕ್ಕೆ ತಳ್ಳಿದರು.

ಹದಿನೈದು ದಿನವಾದರೂ ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಅತ್ತೆಯೂ ನಾನೂ ಒಂದು ಉಪಾಯ ಹೂಡಿದೆವು. ನನ್ನ ಪುಟ್ಟ ಮಗಳ ಕಿವಿ ಚುಚ್ಚಿಸಬೇಕಿತ್ತು. ಆಗ ಮಗು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕೆಂಬುದು ನಮ್ಮವರ ಪದ್ಧತಿ. ಸೋದರಮಾವ ಅಂದರೆ ನನ್ನ ತಮ್ಮ, ‘ಆ ಮನೆ’ಯವನು.

ಮಾವನೂ ಕಡಿಮೆಯವರಲ್ಲ. “ಆಂಡಿಪಟ್ಟಿಲಿ ನಿನ್ ದೊಡ್ಡಮ್ಮನ ಮಗ ಒಬ್ಬ ಅವ್ನಲ್ಲ, ಅವ್ನೂ ನಿಂಗೆ ಅಣ್ಣ ತಾನೆ?” ಎಂದು ಬಸ್ಸು ಹತ್ತಿಯೇಬಿಟ್ಟರು. ನನಗೆ ಗಾಬರಿ. ಅತ್ತೆ ನಿಶ್ಚಿಂತೆಯಾಗಿ ಹುಣಸೆಬೀಜ ಬಿಡಿಸುತ್ತಿದ್ದರು. ಹಿಂದಿನ ದಿನವೇ ಅವರು ಸಿಕ್ಕ ಸಿಕ್ಕ ನೆಂಟರಿಗೆಲ್ಲ ಒಪ್ಪಬೇಡಿರೆಂದು ಗುಟ್ಟಾಗಿ ಹೇಳಿ ಕಳಿಸಿದ್ದು ನನಗೆ ತಿಳಿದದ್ದು ಆಮೇಲೆ.

ಆಂಡಿಪಟ್ಟಿಯ ಅಣ್ಣ ಕೈಮುಗಿದನಂತೆ. ಅವನ ಹೆಂಡತಿಯ ತಂಗಿಯನ್ನು ನನ್ನ ತಮ್ಮನಿಗೆ ಕೊಡುವ ಮಾತು ನಡೆಯುತ್ತಿತ್ತು. ಮಾವ ಕಂಬಂನಲ್ಲಿದ್ದ ನನ್ನ ಚಿಕ್ಕಪ್ಪನ ಮಗನ ಮನೆಗೂ ಹೋದರು. ಅವನ ಹೆಂಡತಿ ಮಾವನ ಸ್ವಂತ ತಂಗಿಯ ಮಗಳು. ಅವಳು ಕಾಫಿ ಕೊಟ್ಟು, “ನಿಮ್ ಜಗಳಕ್ಕೆ ನನ್ ಗಂಡನ್ನ ಎಳೀಬ್ಯಾಡಿ ಮಾಮಾ,” ಎಂದು ಸಾಗಹಾಕಿದಳು.

“ನಿಮ್ಮೋರು ಇಲ್ದ ಮನೆ ಒಂದಾದ್ರೂ ಅದಾ?” ಎಂದು ಮಾವ ಬಂದವರೇ ರೇಗಿದರು.

“ನಿಮ್ಮೋರು ಇಲ್ದ ಮನೆನೂ ಇಲ್ಲ,” ಅಂದರು ಅತ್ತೆ.

ಶಾಸ್ತ್ರದ ದಿನ ನನ್ನ ತಮ್ಮ ಹಣ್ಣು, ಹೂವು, ಹೊಸ ಬಟ್ಟೆಯ ತಟ್ಟೆ ಹೊತ್ತು ಅಮ್ಮನೊಂದಿಗೆ ಒಳಗೆ ಬಂದ. ಮಾವ ಗೋಡೆ ಕಡೆ ತಿರುಗಿ ಕೂತರು. ಅಪ್ಪ ಮಾತ್ರ ಬೀದಿಯಲ್ಲೇ ಬೇವಿನ ಮರದಡಿ ನಿಂತರು.

ಅಕ್ಕಸಾಲಿ ಆಚಾರಿ ಮೊದಲ ಕಿವಿ ಚುಚ್ಚಿದ. ಮಗಳು ಕಿರುಚಿದ ರಭಸಕ್ಕೆ ಚಪ್ಪರದ ಗಿಣಿಗಳೆಲ್ಲ ಹಾರಿದವು. ಕಾಲು ಝಾಡಿಸಿ ಒದ್ದಳು. ಎರಡನೆಯ ಕಿವಿ ಮುಟ್ಟಗೊಡಲಿಲ್ಲ. ಅವಳ ಉಸಿರು ಕಟ್ಟಿದ್ದು ನೋಡಿ, ನಮ್ಮ ಉಪಾಯದ ಬಗ್ಗೆ ನನಗೇ ನಾಚಿಕೆಯಾಯಿತು.

“ಮೆಲ್ಲಗೆ ಚುಚ್ಚಯ್ಯ!” ಎಂದು ಮಾವ ಗೋಡೆ ಬಿಟ್ಟೆದ್ದರು.

“ಮಗು ಕಿವಿಯಾ, ಎತ್ತಿನ ಮೂಗಾ ಅದು?” ಎಂದು ಬಾಗಿಲಲ್ಲಿ ಇನ್ನೊಂದು ದನಿ. ಅಪ್ಪ ಚಪ್ಪಲಿ ಸಮೇತ ಒಳಗೆ ನುಗ್ಗಿದ್ದರು.

ಇಬ್ಬರೂ ಸೇರಿ ಆಚಾರಿಯನ್ನು ಬೈದರು. ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸಿದರು. ಆಚಾರಿ ತಂತಿ ಕೆಳಗಿಟ್ಟ. “ತಾತಂದಿರು ಇಬ್ರೂ ಒಂದೊಂದು ಕಾಲು ಇಡ್ಕಳಿ. ಇಲ್ದಿದ್ರೆ ನಾನು ಒಂಟೋಯ್ತೀನಿ.”

ಹಿಡಿದುಕೊಂಡರು. ಎರಡನೆಯ ಕಿವಿಯೂ ಮುಗಿಯಿತು.

ಊಟಕ್ಕೆ ಅಕ್ಕಪಕ್ಕ ಕೂರಿಸಿದ್ದು ಅಮ್ಮ. ಪಾಯಸ ಬರುವಷ್ಟರಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು: ಇನ್ನು ದಿನದ ಲೆಕ್ಕ ಬೇಡ, ಕರೆಂಟ್ ಇದ್ದ ಗಂಟೆಗಳನ್ನು ಸಮಪಾಲು ಮಾಡುವುದು. ಆದರೆ ಗಡಿಯಾರ ನೋಡುವವರು ಯಾರು? ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಒಬ್ಬರಿಗೆ ಅಕ್ಕ, ಇನ್ನೊಬ್ಬರಿಗೆ ಹೆಂಡತಿ ಆದ ಅತ್ತೆಯನ್ನೇ ಕೊನೆಗೆ ಒಪ್ಪಿದರು.

ಅತ್ತೆ ಇಬ್ಬರ ಪಾಲಿನಿಂದಲೂ ದಿನಾ ಕಾಲು ಗಂಟೆ ಕದ್ದು ತಮ್ಮ ಕನಕಾಂಬರದ ಪಾತಿಗೆ ನೀರು ಬಿಟ್ಟುಕೊಂಡರು. ಅದು ಇಬ್ಬರಿಗೂ ಗೊತ್ತಿತ್ತು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.