ಹೊಗೆಯ ತಲೆಗೆ ಕಟ್ಟಿದ ತಪ್ಪು

ಕತಾನಿಯಾದಲ್ಲಿ ಒಗೆದ ಬಟ್ಟೆ ಕಪ್ಪಾದರೆ, ಬಸ್ಸು ತಡವಾದರೆ, ಗಂಡ ಮುನಿಸಿಕೊಂಡರೆ, ಎಲ್ಲಕ್ಕೂ ಎಟ್ನಾ ಬೆಟ್ಟವೇ ಕಾರಣ. ಆ ಉರಿಬೆಟ್ಟವನ್ನು ‘ಅವಳು’ ಎಂದೇ ಕರೆಯುವ ಊರಿದು. ಎದುರು ಮಾತಾಡದ ಹೆಂಗಸು ಬೈಯಲು ಸಿಕ್ಕರೆ ಯಾವ ಊರು ತಾನೇ ಬಿಟ್ಟೀತು?

ವೆನೆರಾ ಸ್ಕುದೇರಿ ಆ ಬೆಟ್ಟದ ಮೈಮೇಲಿನ ಒಂದು ವೀಕ್ಷಣಾಲಯದಲ್ಲಿ ಕೂದಲು ನರೆಯುವವರೆಗೂ ದುಡಿದವಳು. ಅವಳ ಪಾಲಿಗೆ ಬಂದದ್ದು ಒಂದು ಜೋಡಿ ನಕ್ಷತ್ರ. ಒಂದನ್ನೊಂದು ಅಷ್ಟು ಹತ್ತಿರದಲ್ಲಿ ಸುತ್ತುವ ಇಂಥ ಜೋಡಿಗಳು ಪರಸ್ಪರ ಸೆಳೆತಕ್ಕೆ ಸಿಕ್ಕಿ ಬುಗುರಿಯಂತೆ ತಿರುಗುತ್ತವೆ. ತಿರುಗಿದಷ್ಟೂ ಮೈಯ ಕಾಂತಬಲ ಹಗ್ಗದಂತೆ ಹುರಿಗೊಂಡು, ಒಮ್ಮೆಲೇ ಹರಿದು, ಭಗ್ಗೆಂದು ಉರಿಯುತ್ತದೆ. ಆ ಉರಿಯನ್ನು ಹೋಲಿಸಿ ಅಳೆಯಲು ಪಕ್ಕದಲ್ಲಿ ಬೆಳಕು ಬದಲಾಗದ ಇನ್ನೊಂದು ನಕ್ಷತ್ರ ಬೇಕು. ಹಾಗೊಂದನ್ನು ಆರಿಸಿಕೊಂಡ ವೆನೆರಾ ಅದಕ್ಕೆ ‘ಸನ್ಯಾಸಿನಿ’ ಎಂದು ಹೆಸರಿಟ್ಟಿದ್ದಳು.

ಜೋಡಿಯ ಬೆಳಕು ಆಗೊಮ್ಮೆ ಈಗೊಮ್ಮೆ ಏಕಾಏಕಿ ಕುಸಿಯುತ್ತಿತ್ತು. ಬೆಟ್ಟದ ಹೊಗೆ ಅಡ್ಡ ಬಂತೆಂದು ಆ ಅಳತೆಗಳನ್ನು ಬದಿಗೆ ಸರಿಸುವುದು ಅಲ್ಲಿನ ರೂಢಿ. ಅವಳೂ ಹಾಗೇ ಮಾಡುತ್ತ ಬಂದಳು.

ನಿವೃತ್ತಿಯ ತಿಂಗಳು. ಅವಳ ಇಡೀ ದುಡಿಮೆಯನ್ನು ಒಟ್ಟುಗೂಡಿಸಿದ ಪ್ರಬಂಧ ಇನ್ನೇನು ಅಚ್ಚಿಗೆ ಹೋಗುವುದರಲ್ಲಿತ್ತು. ಆಗ ಮತ್ತೊಮ್ಮೆ ಜೋಡಿ ಮಂಕಾಯಿತು. ಆದರೆ ಅಂದು ಹೊಗೆಯೆಲ್ಲ ಪೂರ್ವದ ಸಮುದ್ರದ ಕಡೆ ವಾಲಿತ್ತು. ಜೋಡಿ ಇದ್ದದ್ದು ಪಡುವಣದಲ್ಲಿ. ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಜೋಡಿಯ ಬೆಳಕಿನ ಏರಿಳಿತ ತೋರಿಸುವ ಗೆರೆ ನೋಡುತ್ತ ಕೂತವಳ ಕೈ ಅಲ್ಲೇ ನಿಂತಿತು. ಥಟ್ಟನೆ ಇಳಿದು ನಿಧಾನವಾಗಿ ಏರಿದ ಗೆರೆ. ತಲೆಕೆಳಗು ಮಾಡಿದರೆ ಅದು ಥಟ್ಟನೆ ಏರಿ ಮೆಲ್ಲಗೆ ಇಳಿಯುವ ಉರಿಯ ಗೆರೆಯೇ. ಜೋಡಿ ಮಂಕಾಗಿಲ್ಲ, ಸನ್ಯಾಸಿನಿ ಹೊತ್ತಿ ಉರಿದಿದ್ದಾಳೆ! ಅಳತೆಗೋಲೇ ಹಿಗ್ಗಿದರೆ ಬಟ್ಟೆ ಗಿಡ್ಡ ಕಾಣದೆ ಇರುತ್ತದೆಯೇ?

ಬಾಯಿ ಮುಚ್ಚಿಕೊಂಡರೆ ಹೂಗುಚ್ಛ, ಭಾಷಣ, ಊಟ. ಬಾಯಿ ಬಿಟ್ಟರೆ ಆಯುಷ್ಯದ ಕೆಲಸವೇ ಅಲುಗಾಡುತ್ತದೆ. ವೆನೆರಾ ಎದ್ದು ಮುಖ್ಯಸ್ಥ ಒರಾಜಿಯೋನ ಕೋಣೆಗೆ ಹೋದಳು.

“ಅದು ಹೊಗೆ ಕಣಮ್ಮಾ, ಯಾವತ್ತೂ ಹೊಗೇನೇ,” ಅಂದ ಅವನು.

“ಗಾಳಿ ಸಮುದ್ರದ ಕಡೆಗಿತ್ತು, ಪ್ರೊಫೆಸರೇ.”

“ತಿಂಗಳು ಮುಗಿಯೋವರೆಗೆ ಸುಮ್ನಿರೋಕೆ ನಿಮಗೇನು ಕಷ್ಟ?”

“ನನ್ನ ತಪ್ಪನ್ನ ಆ ಬೆಟ್ಟದ ತಲೆಗೆ ಕಟ್ಟಿ ಮನೆಗೆ ಹೋಗೋಕಾಗಲ್ಲ.”

‘ಸುಮ್ನಿರಿ’ ಎನ್ನುವ ಮುಖ್ಯಸ್ಥರು ಯಾವ ಕಚೇರಿಯಲ್ಲಿಲ್ಲ? ಗೊತ್ತಿದ್ದೂ ಸುಮ್ಮನಿರುವುದು ಸುಳ್ಳಿನ ಸಂಬಳ ತಿಂದಂತೆ. ಆದರೂ ಒರಾಜಿಯೋ ಕೆಟ್ಟವನಲ್ಲ. ಗೊಣಗುತ್ತಲೇ ಕುರ್ಚಿ ಎಳೆದುಕೊಂಡ. ಅದೇ ಚಿತ್ರಗಳಲ್ಲಿದ್ದ ಮೂರನೆಯದೊಂದು ನಕ್ಷತ್ರದೊಡನೆ ಇಬ್ಬರೂ ಹೋಲಿಸಿ ನೋಡಿದರು. ಜೋಡಿ ತಣ್ಣಗಿತ್ತು, ಉರಿದದ್ದು ಸನ್ಯಾಸಿನಿಯೇ. ಮುಂದಿನ ದಿನಗಳಲ್ಲಿ ಅವಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಇನ್ನೊಂದು ಗುಟ್ಟೂ ಬಯಲಾಯಿತು: ಅವಳೂ ಜೋಡಿಯೇ.

“ನಿಮ್ಮ ಸನ್ಯಾಸಿನಿಗೆ ಒಬ್ಬ ಜೊತೆಗಾರ ಇದಾನಲ್ಲಮ್ಮಾ. ನಿಮ್ಗೂ ಹೇಳ್ಲಿಲ್ವಾ?” ಎಂದು ಒರಾಜಿಯೋ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರಬಂಧವನ್ನು ತಾನೇ ಹಿಂದಕ್ಕೆ ತರಿಸಿದ. ಹೊಗೆಯೆಂದು ಬದಿಗೆ ಸರಿಸಿದ್ದ ಅಳತೆಗಳೇ ಸನ್ಯಾಸಿನಿಯ ಉರಿಗಳ ದಾಖಲೆಯಾಗಿ ಈಗ ಎಲ್ಲರಿಗೂ ಬೇಕಾದವು.

ಬೀಳ್ಕೊಡುಗೆಯ ದಿನ ತೋರಿಸಲು ಪ್ರಬಂಧ ಇರಲಿಲ್ಲ. ವೆನೆರಾ ಮಾತ್ರ ಹೊಟ್ಟೆ ತುಂಬ ಉಂಡಳು. ಮನೆಗೆ ಬಂದಾಗ ಗಂಡ ನುಂಜಿಯೋ ಬಾಲ್ಕನಿಗೆ ಬಿದ್ದ ಬೂದಿ ಗುಡಿಸುತ್ತ ಬೆಟ್ಟಕ್ಕೆ ಶಾಪ ಹಾಕುತ್ತಿದ್ದ. ಅವಳು ಇನ್ನೊಂದು ಪೊರಕೆ ತೆಗೆದುಕೊಂಡಳು.

“ಇದಕ್ಕೆ ಬೇಕಾದ್ರೆ ಬೈಕೋ,” ಅಂದಳು. “ಇದು ನಿಜವಾಗ್ಲೂ ಅವಳದೇ.”