ಒಸಡಿನೊಳಗಿನ ಪರದೆ

ಮುಂದಿನ ಹಲ್ಲೊಂದು ಹೋಗಿ ವರ್ಷವಾಗಿತ್ತು. ಇಂಪ್ಲಾಂಟ್ ಕೂರಿಸಿಕೊಳ್ಳಲು ಮಾನ್ವಿಯಿಂದ ರಾಯಚೂರಿಗೆ ಹೋದೆ. ಜೊತೆಗೆ ಅತ್ತೆ. ಡಾಕ್ಟರಮ್ಮ ಕಿರಿಯ ವಯಸ್ಸಿನವರು; ಗ್ಲೌಸ್ ಹಾಕುವ ಮುಂಚೆ ಕೈಬೆರಳುಗಳನ್ನು ಟಿಶ್ಯೂನಿಂದ ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು.

"ಯಾವೂರವ್ವಾ? ಯಾರ ಪೈಕಿ?" ಅತ್ತೆ ಕೇಳಿಯೇಬಿಟ್ಟರು.

"ದೇವದುರ್ಗದ ಕಡಿ, ಮಸರಕಲ್ ರೀ. ಊರ ಹೊರಗಿನ ಕೇರಿ," ಎಂದರು ಅವರು, ಮುಚ್ಚಿಡದೆ.

ಆಮೇಲೆ ನನಗೆ ಬಿಡಿಸಿ ಹೇಳಿದರು. ಹಲ್ಲು ಹೋದಲ್ಲಿ ಎಲುಬು ಸವೆದಿದೆ, ಅದನ್ನು ಮತ್ತೆ ಬೆಳೆಸಬೇಕಂತೆ. ಒಸಡು ಬೇಗ ಬೆಳೆಯುತ್ತದಂತೆ, ಎಲುಬು ನಿಧಾನ. ನಡುವೆ ತೆಳುವಾದ ಪರದೆ ಹಾಕದಿದ್ದರೆ ಎಲುಬು ತುಂಬಬೇಕಾದ ಜಾಗವನ್ನು ಒಸಡೇ ತುಂಬಿಬಿಡುತ್ತದಂತೆ. ತೋರಿಸಿದ ಪರದೆ ಉಳ್ಳಾಗಡ್ಡಿಯ ಒಳಸಿಪ್ಪೆಯಂತಿತ್ತು.

"ಇದು ವೆಜ್ ಏನ್ರಿ?" ಎಂದೆ.

ನರ್ಸ್ ಹುಡುಗಿ ಕಿಸಕ್ಕನೆ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. "ಇಲ್ರಿ, ದನದ ಚರ್ಮದಿಂದ ಮಾಡಿದ್ದು. ತಾನೇ ಕರಗತದ. ಪ್ಲಾಸ್ಟಿಕ್‌ನಂಥದ್ದು ಇನ್ನೊಂದು ಅದ, ಕರಗಂಗಿಲ್ಲ. ಅದನ್ನ ತೆಗಿಯಾಕ ಮತ್ತೊಮ್ಮಿ ಒಸಡು ಕೊಯ್ಯಬೇಕಾಗತದ."

"ಕೊರಳಾಗ ಲಿಂಗ, ಬಾಯಾಗ ದನದ ಚರ್ಮ!" ಅತ್ತೆಯ ದನಿ ಹೊರಗೆ ಕೂತವರಿಗೂ ಕೇಳಿಸಿರಬೇಕು. "ನಿಮ್ಮ ಮಂದಿಗೆ ನಡಿತದವ್ವಾ. ನಮಗ ನಡಿಯಂಗಿಲ್ಲ."

ಡಾಕ್ಟರಮ್ಮ ಆ ಪರದೆಯನ್ನು ಟ್ರೇಯಲ್ಲಿ ಹಿಂದಿಟ್ಟರು. "ಆತು ಯವ್ವಾ, ಇನ್ನೊಂದೇ ಹಾಕೂಣು."

ನಾನು ಸುಮ್ಮನಿದ್ದೆ. ಬಾಯಲ್ಲಿ ಹತ್ತಿ ಇತ್ತು, ನಿಜ. ಆದರೆ ವೆಜ್ ಏನ್ರಿ ಎಂದು ಕೇಳುವಾಗಲೂ ಅದೇ ಹತ್ತಿ ಇತ್ತು.

ಕಾನ್ವೆಂಟಿನಲ್ಲಿ ಕಲಿತವಳು ನಾನು. ಹಾಲಿನವನ ಕ್ಯಾನು ಕಾಲಿಗೆ ತಾಗಿದರೂ ಸಾರಿ ಅನ್ನುತ್ತೇನೆ. ಕೆಲವು ತಿಂಗಳ ಮೇಲೆ, ಪರದೆ ತೆಗೆಸಲು ಹೋಗುವ ದಿನ ಅತ್ತೆಯನ್ನು ಬಿಟ್ಟು ಒಬ್ಬಳೇ ಬಸ್ಸು ಹತ್ತಿದೆ. ಭತ್ತದ ಗದ್ದೆಗಳನ್ನು ನೋಡುತ್ತ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವತ್ತು ಅತ್ತೆ ಅಂದದ್ದು ತಪ್ಪು, ನಾನು ಕೇಳಿದ್ದೂ ತಪ್ಪು.

ಕುರ್ಚಿಯಲ್ಲಿ ಕೂತಾಗ ಹೇಳಲಿಲ್ಲ, ಇಂಜೆಕ್ಷನ್ ಆಗಲಿ ಎಂದುಕೊಂಡೆ. ಅದಾದ ಮೇಲೆ, ಕೆಲಸ ಮುಗಿಯಲಿ ಎಂದುಕೊಂಡೆ. ಅವರು ಕೊಯ್ದದ್ದೂ ನನಗೆ ಗೊತ್ತಾಗಲಿಲ್ಲ, ಅಷ್ಟು ಹಗುರ ಕೈ. "ಎಲುಬು ಚಲೋ ಬಂದದರಿ," ಎಂದು ಕನ್ನಡಿ ಹಿಡಿದು ತೋರಿಸಿದರು. ನಿಜವಾಗಿಯೂ ಖುಷಿಪಟ್ಟಿದ್ದರು.

ಬಾಯಿ ತೆರೆದೆ.

"ಇವತ್ತು ಮಾತಾಡಬ್ಯಾಡ್ರಿ. ಹೊಲಿಗಿ ಹಸಿ ಅದ."

ತಲೆಯಾಡಿಸಿದೆ. ಸದ್ಯ ಬದುಕಿದೆ ಅನ್ನಿಸಿತು. ಆ ನೆಮ್ಮದಿ ಇಂದಿಗೂ ಚುಚ್ಚುತ್ತದೆ.

ಬಸ್ಸಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. "ಭಾಳ ನೋವು ಅದ ಏನವ್ವಾ?" ಪಕ್ಕದ ಹೆಂಗಸು ಕೇಳಿದಳು. ಹೂಂ ಅಂದೆ.