ಯರ್ರಪ್ಪನ ಮೌಖಿಕ ಪರೀಕ್ಷೆ

ಅಗಳಿ ಸಂತೆಯ ಕುರಿ ದಲ್ಲಾಳಿ ಯರ್ರಪ್ಪ ಶಾಲೆಗೆ ಹೋದದ್ದು ಕಡಿಮೆ. ಆದರೆ ಜೀವನವಿಡೀ ಮೌಖಿಕ ಪರೀಕ್ಷೆ ಮಾಡುತ್ತಲೇ ಬಂದವನು. ಎಡಗೈಯಲ್ಲಿ ಕುರಿಯ ದವಡೆ ಹಿಡಿದು ಹೆಬ್ಬೆರಳಿನಿಂದ ತುಟಿ ಸರಿಸಿದನೆಂದರೆ ಅದರ ವಯಸ್ಸು ಬಯಲು. ಎರಡಲ್ಲು, ನಾಕಲ್ಲು ಎಂದು ಅವನು ಹೇಳಿದ ಮೇಲೆ ಮತ್ತೊಬ್ಬರು ಇಣುಕುವುದಿಲ್ಲ. ಕುರಿಗೂ ಅವನಿಗೂ ಇರುವ ವ್ಯತ್ಯಾಸ ಇಷ್ಟೇ: ಕುರಿಯ ಬಾಯಿ ತೆರೆಸಲು ಬಲ ಬೇಕು, ಯರ್ರಪ್ಪನ ಬಾಯಿ ಮುಚ್ಚಿಸಲು.

ಬೆಲೆ ಹೇಳುವಾಗ ಮಾತ್ರ ಅವನು ಮೌನಿ. ಕೊಳ್ಳುವವನ ಕೈಯನ್ನು ಟವಲಿನ ಕೆಳಗೆ ಹಿಡಿದು, ಬೆರಳು ಒತ್ತಿ ವ್ಯಾಪಾರ ಮುಗಿಸುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಅಷ್ಟೇ.

ಇಂಥವನ ಕೈಗೆ ಒಂದು ಬಾಯಿ ಸಿಕ್ಕಿರಲಿಲ್ಲ. ಅದು ಅಕ್ಕ ಸುಂಕಲಮ್ಮನದು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಗಿಟ್ಟರೆ ಊಟದ ಹೊತ್ತಿಗಷ್ಟೇ ಅದಕ್ಕೆ ಬಿಡುಗಡೆ. ಯುಗಾದಿ ಕಳೆದ ಮೇಲೆ ಒಂದು ದಿನ ಅವಳು ಜೋರಾಗಿ ನಕ್ಕಾಗ ಒಳಗೆನ್ನೆಯಲ್ಲಿ ಬಿಳಿ ಮಚ್ಚೆಯೊಂದು ಕಂಡಿತು. ಉರಿಯುತ್ತದೆಂದು ಆಕೆ ಸಾರಿಗೆ ಮೆಣಸಿನಕಾಯಿ ಹಾಕುವುದನ್ನೇ ಬಿಟ್ಟಿದ್ದಳು ಎಂಬುದೂ ಆಗಲೇ ಅವನಿಗೆ ಹೊಳೆದದ್ದು.

"ಆಸ್ಪತ್ರೆಗೆ ಹೋಗಾನ ಬಾರಕ್ಕ."

"ಸುಮ್ಕಿರ್ಲಾ. ಸುಣ್ಣ ಜಾಸ್ತಿಯಾಗಿ ಸುಟ್ಟೈತೆ. ಅಲ್ಲಿಗೋದ್ರೆ ಇಲ್ಲದ್ದೆಲ್ಲ ಐತೆ ಅಂತಾರೆ. ಊರೋರಿಗೆ ಗೊತ್ತಾದ್ರೆ ನನ್ ಮೊಮ್ಮಗಳನ್ನ ಯಾರು ಮದ್ವೆ ಮಾಡ್ಕಂಡೋಗ್ತಾರೆ?"

ಕ್ಯಾನ್ಸರ್ ತಪಾಸಣೆಯ ಸರ್ಕಾರಿ ವ್ಯಾನೊಂದು ಮಡಕಶಿರಕ್ಕೆ ಬಂದು ಹೋದದ್ದು ಯರ್ರಪ್ಪನ ಕಿವಿಗೆ ಬಿತ್ತು. ಅಕ್ಕ ವ್ಯಾನಿನ ಹತ್ತಿರ ಹೋಗದಿದ್ದರೆ ವ್ಯಾನೇ ಅಕ್ಕನ ಹತ್ತಿರ ಬರಲಿ ಎಂದುಕೊಂಡು ಅಧಿಕಾರಿಗಳು ಜನರ ಅರ್ಜಿ ಕೇಳುವ ಸೋಮವಾರದ ಸಭೆಗೆ ಹೋಗಿ ನಿಂತ.

"ಬಂಡಿ ಓಡ್ಸೋಕೆ ನಿಧುಲು, ದುಡ್ಡು ಬೇಕಲ್ಲಪ್ಪ," ಎಂದರು ಅಧಿಕಾರಿ. "ಮಡಕಶಿರದಲ್ಲೇ ಜನ ಬರ್ಲಿಲ್ಲ. ನಿಮ್ಮೂರಿಗೆ ಕಳ್ಸಿದ್ರೆ ದಂಡದ ಖರ್ಚು."

ರೋಗ ಬಂದ ಮೇಲೆ ಸುರಿಯುವ ದುಡ್ಡಿಗೆ ನಾವು ಚಿಕಿತ್ಸೆ ಎನ್ನುತ್ತೇವೆ. ಬಾರದಂತೆ ಹಾಕುವ ದುಡ್ಡಿಗೆ ಖರ್ಚು ಎನ್ನುತ್ತೇವೆ. ಯರ್ರಪ್ಪನಿಗೆ ಇಷ್ಟು ನುಣ್ಣಗೆ ಹೇಳಲು ಬಾರದು. ಅವನು ಕುರಿಯಿಂದಲೇ ಶುರು ಮಾಡಿದ.

"ಸಾರ್, ನೀಲಿ ನಾಲಿಗೆ ರೋಗ ನೋಡಿದ್ದೀರಾ? ನಮ್ಮಪ್ಪನ ಕಾಲದಾಗೆ ಕುರಿ ಬಾಯಿ ಊದ್ಕಂಡು ಮಂದೆ ಮಂದೇನೇ ಹೋಗ್ತಿತ್ತು. ಈಗ ನಿಮ್ಮೋರೇ ಹಟ್ಟಿಗೆ ಬಂದು ಸೂಜಿ ಹಾಕ್ತಾರೆ. ಆ ಮದ್ದೇನು ಗಿಡದಾಗೆ ಬಿಟ್ಟಿತ್ತಾ? ಓದ್ದೋರು ವರ್ಷಗಟ್ಲೆ ಕೂತು ಹುಡುಕಿದ್ರು, ಸರ್ಕಾರ ಅವ್ರಿಗೆ ಸಂಬಳ ಕೊಡ್ತು. ಆವಾಗ ಯಾವ ಕುರಿನೂ ಬಂದು ಅರ್ಜಿ ಕೊಟ್ಟಿರ್ಲಿಲ್ಲ."

ಸಭೆ ನಕ್ಕಿತು. ಅವನು ನಗಲಿಲ್ಲ. "ಕುರಿ ನಾಲಿಗೆಗೆ ದುಡ್ಡೈತೆ, ನಮ್ಮಕ್ಕನ ನಾಲಿಗೆಗೆ ಇಲ್ವಾ ಸಾರ್?"

"ನಿಮ್ಮಕ್ಕನ ನಾಲಿಗೆಗೆ ಮದ್ದೇ ಇಲ್ಲ ಬಿಡಲೋ," ಎಂದಿತು ಹಿಂದಿನ ಸಾಲಿನ ಒಂದು ದನಿ. ಸುಂಕಲಮ್ಮನಿಂದ ಬೈಸಿಕೊಳ್ಳದವರು ಆ ಸೀಮೆಯಲ್ಲಿ ಕಡಿಮೆ.

ಅಧಿಕಾರಿಗೂ ನಗು ತಡೆಯಲಾಗಲಿಲ್ಲ. "ಒಂದು ಸಂತೆಗೆ ಕಳಿಸ್ತೀನಿ. ಜನ ಬಂದ್ರೆ ಪ್ರತಿ ತಿಂಗಳೂ ದುಡ್ಡು ಕೊಡಿ ಅಂತ ಮೇಲಕ್ಕೆ ಬರೀತೀನಿ. ಬರ್ಲಿಲ್ಲ ಅಂದ್ರೆ ಮತ್ತೆ ಕೇಳ್ಬೇಡ."

ಸಂತೆಯ ದಿನ ವ್ಯಾನು ಬಂದೇ ಬಂತು. ಯರ್ರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಂತದ್ದು ವ್ಯಾನು ಮಾತ್ರ, ರಸ್ತೆ ಬದಿಯಲ್ಲಿ, ಮೈಮೇಲೆ ಆಳೆತ್ತರದ ತೆಲುಗು ಅಕ್ಷರದಲ್ಲಿ ಕ್ಯಾನ್ಸರ್ ಎಂದು ಬರೆಸಿಕೊಂಡು. ಅದನ್ನು ಕಂಡ ಜನ ಪೊಲೀಸರನ್ನು ಕಂಡವರಂತೆ ಸುತ್ತು ಹಾಕಿ ಹೋದರು. ಒಳಗೆ ರಾಯದುರ್ಗದ ಕಡೆಯ ಡಾಕ್ಟರ್ ಗಂಗೋತ್ರಿ ಟಾರ್ಚು ಹಿಡಿದು ಖಾಲಿ ಸ್ಟೂಲು ನೋಡುತ್ತ ಕೂತಿದ್ದರು.

"ಮೇಡಂ, ಬಂಡೀನ ಕುರಿ ಮಧ್ಯಕ್ಕೆ ತರ್ಸಿ," ಎಂದ ಯರ್ರಪ್ಪ.

"ಯಾಕ್ರಿ?"

"ಇಲ್ಲಿ ಹತ್ತೋರು ಎಲ್ಲರ ಕಣ್ಣಿಗೂ ಬೀಳ್ತಾರೆ. ನಮ್ ಸಂತೇಲಿ ಬೆಲೆನೇ ಬಟ್ಟೆ ಕೆಳಗೆ ಹೇಳ್ತೀವಿ. ರೋಗಾನ ಬಯಲಾಗೆ ಕೇಳಿದ್ರೆ ಯಾರು ಹೇಳ್ತಾರೆ?"

"ಹಂಗಾರ ನಡೀರಿ," ಎಂದರು ಗಂಗೋತ್ರಿ.

ವ್ಯಾನು ಕುರಿಗಳ ನಡುವೆ ನುಗ್ಗಿತು. ದಲ್ಲಾಳಿಗಳೆಲ್ಲ ತಮ್ಮ ಟವಲು ಬಿಚ್ಚಿಕೊಟ್ಟರು. ಹಗ್ಗದ ಮೇಲೆ ಅವನ್ನು ಹರಡಿದ್ದೇ ತಡ, ಹಿಂಬಾಗಿಲಿಗೆ ಒಂದು ಓಣಿಯಾಯಿತು. ಕುರಿ ನೋಡಲು ಹೋದವನು ಯಾರು, ಬಾಯಿ ತೋರಿಸಲು ಹೋದವನು ಯಾರು ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಆದರೂ ಮೊದಲು ಹೋಗುವವರು ಯಾರು? ಯರ್ರಪ್ಪ ತಾನೇ ಒಳಗೆ ನುಗ್ಗಿದ.

ಎದುರಿಗೇ ಕುರಿ ಕಟ್ಟುವ ಹಗ್ಗ ಮಾರುತ್ತ ಸುಂಕಲಮ್ಮ ಕೂತಿದ್ದಳು. ಒಳಗೆ ಹೋದ ತಮ್ಮ ಹೊರಗೆ ಬರಲಿಲ್ಲ. ಒಬ್ಬ ಗಿರಾಕಿ ಬಂದು ಹೋದ, ಇನ್ನೊಬ್ಬ ಬಂದು ಹೋದ, ತಮ್ಮನ ಸುಳಿವಿಲ್ಲ. ಅವನ ಬಾಯಲ್ಲೇ ಏನೋ ಸಿಕ್ಕಿಬಿಟ್ಟಿದೆ ಎಂದುಕೊಂಡಳು. ಹಗ್ಗವನ್ನು ಅಲ್ಲೇ ಬಿಟ್ಟು ಟವಲು ಸರಿಸಿ ವ್ಯಾನು ಹತ್ತಿದಳು.

"ಏನಾಯ್ತಲಾ ನಿಂಗೆ?"

"ಏನೂ ಆಗಿಲ್ರಿ ಅಮ್ಮ," ಎಂದರು ಗಂಗೋತ್ರಿ. "ಆಗಿನಿಂದ ಬಾಯಿ ತೆಗದ ಕುಂತಾರ. ಮಾತ ನಿಲ್ಲಿಸವಲ್ರು, ನಾ ಹೆಂಗ ನೋಡ್ಲಿ?"

"ಮುಚ್ಚಲಾ ಬಾಯಿ."

"ಅಯ್ಯ ಬ್ಯಾಡ್ರಿ, ಬಾಯಿ ತೆಗದಿರ್ಲಿ. ಮಾತಷ್ಟ ಮುಚ್ಚಿಸ್ರಿ."

ಅಕ್ಕ ಕಿವಿ ಹಿಂಡಿದಳು. ಟಾರ್ಚು ಬೆಳಗಿತು. ಯರ್ರಪ್ಪನ ಬಾಯಿ ನಿರ್ಮಲವಾಗಿತ್ತು, ಮಾತಿನ ಲೆಕ್ಕ ಬಿಟ್ಟರೆ. "ಈಗ ನೀವು ಕೂಡ್ರಿ ಅಮ್ಮ," ಎಂದರು ಡಾಕ್ಟರು.

ಸುಂಕಲಮ್ಮ ಬಾಗಿಲ ಕಡೆ ನೋಡಿದಳು. ಟವಲು ಇಳಿಬಿದ್ದಿತ್ತು, ಒಂದು ಕಣ್ಣೂ ಕಾಣಲಿಲ್ಲ. ಕೂತಳು. ಬಾಯಿ ತೆರೆದೂ ಮಾತಾಡದೆ ಇದ್ದದ್ದು ಅವಳ ಜನ್ಮದಲ್ಲಿ ಅದೇ ಮೊದಲಿರಬೇಕು. ಡಾಕ್ಟರ ಮುಖದ ನಗು ನಿಧಾನಕ್ಕೆ ಇಳಿಯಿತು.

"ಇದು ಅದೇನಾ ತಾಯಿ?" ಎಂದು ಸುಂಕಲಮ್ಮ ಕೇಳಿದಳು.

"ಈಗ್ಲೇ ಹೇಳಾಕ ಬರಂಗಿಲ್ರಿ. ಅನಂತಪುರಕ್ಕ ಬರ್ರಿ, ಸಣ್ಣ ತುಣುಕು ತೆಗದು ನೋಡೂಣು. ಖರ್ಚು ಸರ್ಕಾರದ್ದು. ಇನ್ನೊಂದು ಕೇಳ್ತೀನಿ, ಇಷ್ಟ ಇದ್ರ ಮಾತ್ರ: ಆ ತುಣುಕಿನ ವಿವರ ಸಂಶೋಧನೆಗೆ ಕೊಡ್ತೀರೇನ್ರಿ? ಮುಂದಿನೋರಿಗೆ ಒಳ್ಳೇ ಮದ್ದು ಸಿಕ್ಕೀತು."

"ತಕಳವ್ವ. ನನ್ ಬಾಯಿಂದ ಯಾರ್ಗಾದ್ರೂ ಒಳ್ಳೇದಾಯ್ತು ಅಂದ್ರೆ ಊರಾಗೆ ಯಾರೂ ನಂಬಲ್ಲ."

ಹೊರಗೆ ಬಂದವಳು ಅಂಗಡಿ ಹಾಕಿ ಕೂತ ಹೆಂಗಸರ ಸಾಲಿಗೆ ಹೋಗಿ, ನೋವಾಗುವುದಿಲ್ಲ, ಯಾರಿಗೂ ಕಾಣುವುದಿಲ್ಲ ಎಂದು ಪಿಸುಗುಟ್ಟಿದಳು. ಸುಂಕಲಮ್ಮನ ಪಿಸುಮಾತು ಅರ್ಧ ಸಂತೆಗೆ ಕೇಳುತ್ತದೆ. ಟವಲಿನ ಓಣಿ ತುಂಬಿತು. ಗಂಗೋತ್ರಿಯವರಿಗೆ ಊಟದ ಡಬ್ಬಿ ಬಿಚ್ಚಲೂ ಪುರಸೊತ್ತಾಗಲಿಲ್ಲ. ಜನ ಬಂದರಾ ಎಂದು ಅಧಿಕಾರಿ ಫೋನು ಮಾಡಿದಾಗ ಯರ್ರಪ್ಪ ಫೋನನ್ನು ಜನರ ಗದ್ದಲದ ಕಡೆಗೆ ಹಿಡಿದ. ಮುಂದಿನ ತಿಂಗಳೂ ವ್ಯಾನು ಬಂತು, ಈಗಲೂ ಬರುತ್ತಿದೆ.

ಅನಂತಪುರದಲ್ಲಿ ತುಣುಕಿನ ಫಲಿತಾಂಶ ಬಂದ ದಿನ ಅಕ್ಕ ತಮ್ಮ ಇಬ್ಬರೂ ಮಾತಿಲ್ಲದೆ ಕೂತಿದ್ದರು. ಕ್ಯಾನ್ಸರ್ ಇನ್ನೂ ಆಗಿಲ್ಲ, ಅದರ ಹಿಂದಿನ ಮೆಟ್ಟಿಲು, ಸರಿಯಾದ ಹೊತ್ತಿಗೆ ಬಂದಿರಿ ಎಂದರು ಅಲ್ಲಿನ ಡಾಕ್ಟರು. ತಪ್ಪದೆ ತೋರಿಸುತ್ತಿರಬೇಕು, ಹೊಗೆಸೊಪ್ಪನ್ನು ಇವತ್ತೇ ಬಿಡಬೇಕು.

ಸುಂಕಲಮ್ಮನಿಗೆ ಹೋದ ದನಿ ಬಂತು. "ದಿನಕ್ಕೊಂದು? ಮಲಗೋವಾಗ, ಚೂರು?"

ಡಾಕ್ಟರು ಯರ್ರಪ್ಪನ ಮುಖ ನೋಡಿದರು. ಹುಟ್ಟಿದಾಗಿನಿಂದ ಎರಡು ಕಡೆಗೂ ಮಾತು ಹೊಂದಿಸಿಯೇ ಬದುಕಿದವನು ಅವನು.

"ಇಲ್ಲ ಕಣಕ್ಕ," ಎಂದ. "ಇದ್ರಾಗೆ ಚೌಕಾಸಿ ಇಲ್ಲ."

ಬಸ್ಸು ಹತ್ತಿದ ಮೇಲೆ ಮಡಕಶಿರದವರೆಗೂ ಅವಳು ಅವನನ್ನು ಬೈದಳು. ದವಡೆ ಖಾಲಿಯಿದ್ದುದರಿಂದ ಒಂದೊಂದು ಬೈಗುಳವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.